ಹಳೇ ವರ್ಷನ್‌ಗಳ ಟಿಪ್ಪಣಿ: ಅಳಿಸಬೇಕಾ, ಇಡಬೇಕಾ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಲೈಬ್ರರಿಯ ರೆಫರೆನ್ಸ್ ಪುಟಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಂದೊಂದು ಫಂಕ್ಷನ್ ಕೆಳಗೂ ‘ಈ ವರ್ಷನ್‌ನಿಂದ ಹೀಗೆ, ಅದಕ್ಕೂ ಮೊದಲು ಹಾಗೆ’ ಅಂತ ಟಿಪ್ಪಣಿಗಳ ಸಾಲೇ ಇದೆ. ಅದರಲ್ಲಿ ಎಷ್ಟೋ ವರ್ಷನ್‌ಗಳಿಗೆ ಸಪೋರ್ಟ್ ನಿಂತು ಬಹಳ ಕಾಲವಾಗಿದೆ. ಎಲ್ಲ ಕಿತ್ತುಹಾಕಿ ಅಂತ ಒಬ್ಬರು, ಒಂದಕ್ಷರ ಮುಟ್ಟಬೇಡಿ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಕಿತ್ತುಹಾಕಿ. ಆದರೆ ಅದಕ್ಕೂ ಮೊದಲು ಆ ಟಿಪ್ಪಣಿಯೊಳಗೆ ಇವತ್ತಿಗೂ ನಿಜವಾದ ಮಾತೇನಾದರೂ ಇದೆಯಾ ನೋಡಿ. ಜಾಸ್ತಿ ಎಡವುವುದು ಇಲ್ಲೇ.

ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತಗೊಳ್ಳಿ. ಅದರ ಮ್ಯಾನುಯಲ್ ಎಲ್ಲ ವರ್ಷನ್‌ಗೂ ಸೇರಿ ಒಂದೇ, ಹಾಗಾಗಿ ಹಳೇ ವಿವರ ಗುಡ್ಡೆ ಬೀಳುವುದು ಸಹಜ. 2020ರ ನವೆಂಬರ್‌ನಲ್ಲಿ ಬಂದ 8.0ರಲ್ಲಿ ಸಾರ್ಟ್ ಮಾಡುವ, ಅಂದರೆ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ, ರೀತಿ ಬದಲಾಯಿತು: ಹೋಲಿಸಿದಾಗ ಎರಡು ಅಂಶ ಸಮ ಅಂತ ಬಂದರೆ ಅವು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ. ಮುಂಚೆ ಆ ಖಾತ್ರಿ ಇರಲಿಲ್ಲ. ಈಗ ಪುಟದಲ್ಲಿ ‘8.0ಕ್ಕೆ ಮೊದಲು ಸಮ ಅಂಶಗಳ ಕ್ರಮ ನಿಶ್ಚಿತವಲ್ಲ, 8.0ರಿಂದ ಮೂಲ ಕ್ರಮ ಉಳಿಯುತ್ತದೆ’ ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಹಳೇದು ಅಂತ ಇಡೀ ಸಾಲು ಅಳಿಸಿದರೆ, ಇವತ್ತು ಕೋಡ್ ಬರೆಯುವವರು ನೆಚ್ಚಿಕೊಳ್ಳಬಹುದಾದ ಭರವಸೆಯೇ ಹೋಯಿತು. ಸುಮ್ನೆ ವರ್ಷನ್ ನಂಬರ್ ಮಾತ್ರ ಅಳಿಸಿದರೆ ಇನ್ನೂ ಕಷ್ಟ, ‘ಕ್ರಮ ನಿಶ್ಚಿತವಲ್ಲ’ ಅನ್ನುವ ಹಸಿ ಸುಳ್ಳು ಪುಟದಲ್ಲಿ ಕೂತಿರುತ್ತದೆ. ಉಳಿಯಬೇಕಾದದ್ದು ಇಷ್ಟೇ: ‘ಸಮ ಅಂಶಗಳು ಮೂಲ ಕ್ರಮದಲ್ಲೇ ಉಳಿಯುತ್ತವೆ.’ ಅದನ್ನು ಟಿಪ್ಪಣಿಯಿಂದ ಎತ್ತಿ ಮುಖ್ಯ ವಿವರಣೆಗೇ ಸೇರಿಸಿ.

ಎಲ್ಲ ಟಿಪ್ಪಣಿಗೂ ಒಂದೇ ಆಯಸ್ಸು ಕೊಡಬೇಡಿ. ‘ಈ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಇಂಥ ವರ್ಷನ್‌ನಲ್ಲಿ ಬಂತು’ ಅನ್ನುವಂಥದ್ದು ಬೇಗ ಹೋಗಬಹುದು. ಪೈಥಾನ್ ಭಾಷೆಯಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್ ರನ್ ಫಂಕ್ಷನ್‌ಗೆ ಔಟ್‌ಪುಟ್ ಹಿಡಿದಿಡುವ ಆರ್ಗ್ಯುಮೆಂಟ್ ಬಂದದ್ದು 3.7ರಲ್ಲಿ, 3.6ರ ಸಪೋರ್ಟ್ 2021ರಲ್ಲೇ ಮುಗಿದಿದೆ. ಸಪೋರ್ಟ್ ಇರುವ ಯಾವ ವರ್ಷನ್‌ನಲ್ಲೂ ಅದು ಇಲ್ಲದೆ ಇಲ್ಲ ಅಂದಮೇಲೆ ಆ ಸಾಲು ಯಾರಿಗೆ ಬೇಕು ಹೇಳಿ?

ಎರರ್ ಕೊಡದೆ ಸದ್ದಿಲ್ಲದೆ ಆದ ಬದಲಾವಣೆಗಳ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಪಿಎಚ್‌ಪಿ 7ರಲ್ಲಿ ಸೊನ್ನೆಯನ್ನೂ ‘ಎಬಿಸಿ’ ಅನ್ನುವ ಸ್ಟ್ರಿಂಗನ್ನೂ (ಅಕ್ಷರಗಳ ಸಾಲು) ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಟ್ರೂ ಬರುತ್ತಿತ್ತು, 8ರಲ್ಲಿ ಫಾಲ್ಸ್. ಕೋಡ್ ನಿಲ್ಲುವುದಿಲ್ಲ, ಕೂಗುವುದೂ ಇಲ್ಲ, ಬೇರೆ ದಾರಿ ಹಿಡಿದು ಓಡುತ್ತಲೇ ಇರುತ್ತದೆ, ಲೆಕ್ಕ ತಪ್ಪಿದ್ದು ಯಾವಾಗಲೋ ಯಾರದೋ ಕಣ್ಣಿಗೆ ಬೀಳುತ್ತದೆ. ಎರರ್ ಬಂದಿದ್ದರೆ ಅದೇ ಹೇಳುತ್ತಿತ್ತು, ಅಲ್ವಾ? ಇಂಥ ಟಿಪ್ಪಣಿಯನ್ನು ಹಳೇ ವರ್ಷನ್ ಸತ್ತ ಮೇಲೂ ಇಡಿ, ಪುಟ ತುಂಬಿತು ಅನ್ನಿಸಿದರೆ ಅಪ್‌ಗ್ರೇಡ್ ಗೈಡ್‌ಗೆ ಸಾಗಿಸಿ ಲಿಂಕ್ ಕೊಡಿ.

ತೆಗೆದುಹಾಕಿದ ಫಂಕ್ಷನ್‌ಗಳ ಪುಟವನ್ನೂ ಅಳಿಸಬೇಡಿ. ಮೈಎಸ್‌ಕ್ಯುಎಲ್ ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಹಳೇ ಫಂಕ್ಷನ್‌ಗಳು 2015ರಲ್ಲಿ 7.0ದೊಂದಿಗೇ ಹೋದವು, ಆದರೆ ಹಳೇ ಕೋಡ್ ಕೈಗೆ ಬಂದವರು ಹುಡುಕುವುದು ಆ ಹೆಸರನ್ನೇ. ‘ಇದು ಈಗಿಲ್ಲ, ಮೈಎಸ್‌ಕ್ಯುಎಲ್‌ಐ ಅಥವಾ ಪಿಡಿಒ ಬಳಸಿ’ ಅನ್ನುವ ಮಾತು ಅವರಿಗೆ ಸಿಗಲೇಬೇಕು.

ಇನ್ನೊಂದು. ಉದಾಹರಣೆ ಕೋಡ್‌ಗಳನ್ನು ಕಣ್ಣಾಡಿಸಿ ಬಿಡಬೇಡಿ, ಒಂದೊಂದನ್ನೂ ಓಡಿಸಿ. ಟಿಪ್ಪಣಿಯಲ್ಲಿ ವರ್ಷನ್ ನಂಬರ್ ಇರುವುದರಿಂದ ಹುಡುಕಿದರೆ ಸಿಗುತ್ತದೆ, ಉದಾಹರಣೆಯೊಳಗೆ ನುಸುಳಿರುವ ಹಳೇ ವರ್ಷನ್‌ನ ಸುತ್ತುದಾರಿಗೆ ಯಾವ ನಂಬರೂ ಇರುವುದಿಲ್ಲ. ಪೈಥಾನ್ ಆದರೆ ಡಾಕ್‌ಟೆಸ್ಟ್ ಇದೆ, ಪುಟದಲ್ಲಿ ಬರೆದ ಉತ್ತರವೇ ಬರುತ್ತದಾ ಅಂತ ಅದೇ ನೋಡುತ್ತದೆ.

ಪ್ರಶ್ನೆ: ಸರಿ, ಹಳೇ ವರ್ಷನ್‌ನಲ್ಲೇ ಸಿಕ್ಕಿಕೊಂಡವರು ಏನು ಮಾಡಬೇಕು?

ಉತ್ತರ: ಅವರಿಗೆ ಅವರ ವರ್ಷನ್‌ನ ಪುಟವನ್ನೇ ಇದ್ದ ಹಾಗೆ ಉಳಿಸಿ. ಪೈಥಾನ್‌ನಲ್ಲಿ ಪ್ರತಿ ವರ್ಷನ್‌ಗೂ ಬೇರೆ ಡಾಕ್ಯುಮೆಂಟೇಶನ್ ಇದೆ, ಸಪೋರ್ಟ್ ನಿಂತ ವರ್ಷನ್‌ಗಳದ್ದೂ ಸಿಗುತ್ತದೆ. ನೀವೂ ಶುಚಿ ಮಾಡುವ ಮುನ್ನ ಈಗಿರುವುದರ ಒಂದು ಪ್ರತಿ ತೆಗೆದಿಟ್ಟು, ಹೊಸ ಪುಟದ ತಲೆಯಲ್ಲಿ ‘ಇದು ಇಂಥ ವರ್ಷನ್‌ನಿಂದ ಮೇಲಕ್ಕೆ’ ಅಂತ ಬರೆದು ಪಕ್ಕದಲ್ಲೇ ಹಳೇ ಪ್ರತಿಯ ಲಿಂಕ್ ಹಾಕಿ. ಅಳಿಸಿದ್ದನ್ನೂ ತಿದ್ದಿದ್ದನ್ನೂ ಬೇರೆ ಬೇರೆ ಕಮಿಟ್ ಮಾಡಿ (ಅಂದರೆ ಬೇರೆ ಬೇರೆ ಬದಲಾವಣೆಗಳಾಗಿ ದಾಖಲಿಸಿ), ಪರಿಶೀಲಿಸುವವರಿಗೆ ಅರ್ಥ ಬದಲಾದ ಸಾಲು ಯಾವುದು ಅಂತ ತಕ್ಷಣ ಕಾಣಬೇಕು.