ವೆಸಿಕಲ್ ಒಡೆಯುವುದಿಲ್ಲ, ಆದರೆ ಮುಗಿದುಹೋಗುವುದುಂಟು

ನೀವು ಕೇಳಿದ್ದು ಇಷ್ಟು: "ನರದ ತುದಿಯಲ್ಲಿ ವೆಸಿಕಲ್ ಎಂಬ ಚೀಲಗಳು ಒಡೆದು ನ್ಯೂರೋಟ್ರಾನ್ಸ್‌ಮಿಟರ್ ಹೊರಬರುತ್ತದೆ ಎಂದು ನೋಟ್ಸಿನಲ್ಲಿದೆ. ದಿನವಿಡೀ ಒಡೆಯುತ್ತಲೇ ಇದ್ದರೆ ಚೀಲಗಳು ಮುಗಿದುಹೋಗುವುದಿಲ್ಲವೇ?"

ಒಡೆಯುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಮುಗಿಯುವುದೂ ಇಲ್ಲ. ಮುಗಿದುಹೋದದ್ದನ್ನು ನಮ್ಮ ಮನೆಯಲ್ಲೇ ಒಮ್ಮೆ ಕಂಡಿದ್ದೇವೆ, ಅದಕ್ಕೆ ಆಮೇಲೆ ಬರುತ್ತೇನೆ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಹೈಸ್ಕೂಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು. "ಚೀಲ ಒಡೆಯುತ್ತದೆ" ಎಂದು ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದ ಪಾಪ ನನ್ನ ಲೆಕ್ಕದಲ್ಲೂ ಉಂಟು.

ಸಾರಿನ ಮೇಲೆ ತೇಲುವ ಎಣ್ಣೆಯ ಎರಡು ಹನಿಗಳನ್ನು ಚಮಚದಿಂದ ಒಂದರ ಪಕ್ಕ ಒಂದು ತಂದು ನೋಡಿ. ಯಾವುದೂ ಒಡೆಯದೆ ಎರಡೂ ಸೇರಿ ಒಂದಾಗುತ್ತವೆ. ವೆಸಿಕಲ್ಲಿನ ಪೊರೆಯೂ ನರಕೋಶದ ಹೊರಪೊರೆಯೂ ಕೊಬ್ಬಿನದೇ ಜಾತಿ. ಸುಮಾರು 40 ನ್ಯಾನೋಮೀಟರ್ ಅಗಲದ ಈ ಚೀಲ ಹೊರಪೊರೆಯೊಂದಿಗೆ ಬೆಸೆದುಕೊಂಡಾಗ ಅದರ ಬಾಯಿ ಹೊರಗಡೆಗೆ ತೆರೆಯುತ್ತದೆ, ಒಳಗಿದ್ದ ನ್ಯೂರೋಟ್ರಾನ್ಸ್‌ಮಿಟರಿನ, ಅಂದರೆ ಸಂದೇಶ ಒಯ್ಯುವ ರಾಸಾಯನಿಕದ, ಸಾವಿರಾರು ಅಣುಗಳು ಸಿನಾಪ್ಸಿನ ಸಂದಿಗೆ, ಅಂದರೆ ನರದ ತುದಿಗೂ ಮುಂದಿನ ಕೋಶಕ್ಕೂ ನಡುವಿನ ಕಿರಿದಾದ ಜಾಗಕ್ಕೆ, ಚೆಲ್ಲುತ್ತವೆ. ಚೀಲದ ಪೊರೆ ಹೊರಪೊರೆಯಲ್ಲೇ ಉಳಿಯುತ್ತದೆ.

ಆದರೆ ಸಾರಿನ ಹನಿಗಳಷ್ಟು ಸುಲಭವಾಗಿ ಈ ಪೊರೆಗಳು ಸೇರುವುದಿಲ್ಲ, ಅವನ್ನು ಎಳೆದು ಒತ್ತಬೇಕು. ಆ ಕೆಲಸ ಸ್ನೇರ್ ಎಂಬ ಪ್ರೋಟೀನುಗಳದ್ದು. ಇಂಗ್ಲಿಷ್ ಪುಸ್ತಕಗಳು ಇದನ್ನು ಜಿಪ್‌ಗೆ ಹೋಲಿಸುತ್ತವೆ. ನನಗೆ ಹಗ್ಗ ಹೊಸೆಯುವುದೇ ಸರಿ ಅನಿಸುತ್ತದೆ, ಯಾಕೆಂದರೆ ಅಲ್ಲಿ ನಿಜಕ್ಕೂ ನಾಲ್ಕು ಎಳೆಗಳುಂಟು. ಒಂದೆಳೆ ಚೀಲದಿಂದ ಬರುವ ಸಿನಾಪ್ಟೋಬ್ರೆವಿನ್. ಹೊರಪೊರೆಯ ಕಡೆಯಿಂದ ಸಿಂಟ್ಯಾಕ್ಸಿನ್ ಒಂದೆಳೆ, ಸ್ನ್ಯಾಪ್-25 ಎರಡೆಳೆ. ನಾಲ್ಕೂ ಹುರಿಯಾಗಿ ಬಿಗಿಯುತ್ತಾ ಬಂದಂತೆ ಚೀಲ ಪೊರೆಗೆ ಒತ್ತಿಕೊಳ್ಳುತ್ತದೆ. ಒಂದೆಳೆ ಕತ್ತರಿಸಿದರೂ ಕೆಲಸ ಕೆಟ್ಟಿತು. ಧನುರ್ವಾಯುವಿನ ವಿಷ ಸಿನಾಪ್ಟೋಬ್ರೆವಿನ್ ಅನ್ನೇ ಕತ್ತರಿಸುತ್ತದೆ, ಅದೂ ಬೆನ್ನುಹುರಿಯಲ್ಲಿ ಸ್ನಾಯುವಿಗೆ "ಸಾಕು" ಎನ್ನುವ ನರಗಳಲ್ಲಿ. ಸಾಕು ಎನ್ನುವವರಿಲ್ಲದೆ ಮೈ ಬಿಲ್ಲಿನಂತೆ ಸೆಟೆದು ಬಾಗುತ್ತದೆ.

ಹುರಿ ಅರ್ಧ ಹೊಸೆದ ಸ್ಥಿತಿಯಲ್ಲೇ ಕೆಲವು ಚೀಲಗಳು ಕಾದು ನಿಂತಿರುತ್ತವೆ. ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ನರಕೋಶದ ಹೊರಗೆ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ವಿದ್ಯುತ್ ಸಂಕೇತ ತುದಿಗೆ ಬಂದ ಕೂಡಲೇ ಅಲ್ಲಿನ ಬಾಗಿಲುಗಳು ತೆರೆದು ಅದು ಒಳನುಗ್ಗುತ್ತದೆ. ಚೀಲದ ಮೇಲಿರುವ ಸಿನಾಪ್ಟೋಟ್ಯಾಗ್ಮಿನ್ ಅದನ್ನು ಹಿಡಿದುಕೊಂಡಾಗ ಹುರಿ ಪೂರ್ತಿ ಬಿಗಿಯುತ್ತದೆ. ಇಷ್ಟೆಲ್ಲ ಒಂದು ಮಿಲಿಸೆಕೆಂಡಿನೊಳಗೆ. ಇಲ್ಲಿ ಲೆಕ್ಕ ನೇರ ಅಲ್ಲ. ಕಪ್ಪೆಯ ಸ್ನಾಯುವಿನಲ್ಲಿ ಡಾಡ್ಜ್ ಮತ್ತು ರಹಮಿಮೋಫ್ 1967ರಲ್ಲಿ ತೋರಿಸಿದಂತೆ, ಕ್ಯಾಲ್ಸಿಯಂ ಕಡಿಮೆ ಇರುವಲ್ಲಿ ಬಿಡುಗಡೆ ಅದರ ನಾಲ್ಕನೇ ಘಾತದಂತೆ ಏರುತ್ತದೆ: ಎರಡು ಪಟ್ಟಾದರೆ ಬಿಡುಗಡೆ ಹದಿನಾರು ಪಟ್ಟಿನ ಹತ್ತಿರ.

ಇನ್ನು ನಿಮ್ಮ ನಿಜವಾದ ಸಂಶಯ. ಖಾಲಿ ಪೊರೆ ಎಲ್ಲಿ ಹೋಯಿತು? ಹ್ಯೂಸರ್ ಮತ್ತು ರೀಸ್ 1973ರಲ್ಲಿ ಕಪ್ಪೆಯ ನರ–ಸ್ನಾಯುವನ್ನು ಗುರುತು ಹಿಡಿಯಬಹುದಾದ ಒಂದು ಕಿಣ್ವದ ದ್ರವದಲ್ಲಿ ಇಟ್ಟು ನರವನ್ನು ಪ್ರಚೋದಿಸಿದರು. ಹೊರಗಿದ್ದ ಆ ಕಿಣ್ವ ಆಮೇಲೆ ಸಿಕ್ಕಿದ್ದು ವೆಸಿಕಲ್ಲುಗಳ ಒಳಗೆ! ಅಂದರೆ ಬೆಸೆದ ಪೊರೆಯನ್ನು ನರ ಮತ್ತೆ ಒಳಕ್ಕೆ ಚಿವುಟಿಕೊಂಡು ಹೊಸ ಚೀಲ ಮಾಡುತ್ತದೆ. ಸ್ನಾಯುವಿನ ಸಂದಿಯಲ್ಲಿ ಚೆಲ್ಲಿದ ಅಸಿಟೈಲ್‌ಕೋಲಿನ್ ಎಂಬ ನ್ಯೂರೋಟ್ರಾನ್ಸ್‌ಮಿಟರನ್ನು ಕಿಣ್ವವೊಂದು ತುಂಡರಿಸುತ್ತದೆ, ಅದರ ಕೋಲಿನ್ ಭಾಗವೂ ನರಕ್ಕೇ ವಾಪಸು. ನಮ್ಮ ಹಾಲಿನ ಸೊಸೈಟಿಯ ಕ್ಯಾನುಗಳ ಹಾಗೆ, ಹಾಲು ಹೋಗುತ್ತದೆ, ಕ್ಯಾನು ತಿರುಗಿ ಬರುತ್ತದೆ.

ಕ್ಯಾನು ಬರದಿದ್ದರೆ?

ಒಂದು ಮಳೆಗಾಲ ಸೋದರಮಾವ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆನೋವು. ಮೊದಲು ತೋರಿಸಿದಲ್ಲಿ ಗ್ಯಾಸ್ ಎಂದರು. ಗಂಟೆ ಏಳಾಗುವಾಗ ರೆಪ್ಪೆ ಎತ್ತಲಾಗುತ್ತಿಲ್ಲ, ಮಾತು ತೊದಲು. ಮೈಯಲ್ಲಿ ಕಚ್ಚಿದ ಗುರುತೇ ಇಲ್ಲ. ಚಾಪೆ ಮಡಚಿದಾಗ ಹಾವು ಕಂಡಿತು: ಕಟ್ಟುಹಾವು, ಇಲ್ಲಿನ ಮಲಯಾಳಿಗಳ ವೆಳ್ಳಿಕೆಟ್ಟನ್. ವಿಷವೈದ್ಯರಲ್ಲಿಗೆ ಎಂದು ಹಟ ಹಿಡಿದವರನ್ನು ಬಿಟ್ಟು ಕಾಸರಗೋಡಿಗೆ ಒಯ್ದೆವು. ಆಂಟಿವೆನಮ್ ಹಾಕಿಸಿ, ಅಲ್ಲಿಂದ ಮಂಗಳೂರಿಗೆ. ದಾರಿಯಲ್ಲೇ ಉಸಿರು ಸೋತಿತು.

ವೆಂಟಿಲೇಟರಿಗೆ ಹಾಕಿ ಎರಡು ದಿನವಾದರೂ ಬೆರಳು ಅಲ್ಲಾಡಲಿಲ್ಲ. ಔಷಧ ಕೊಟ್ಟರಲ್ಲ, ಯಾಕೆ ಹೀಗೆ ಎಂದು ಕೇಳಿದಾಗ ಡಾಕ್ಟರು ಹೇಳಿದ್ದು, "ಆಂಟಿವೆನಮ್ ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ. ನರದ ತುದಿಗೆ ಹೊಕ್ಕು ಕೆಲಸ ಮುಗಿಸಿದ್ದನ್ನು ಅದರಿಂದ ತಿದ್ದಲಾಗದು."

ಆ ಕೆಲಸ ಏನೆಂದು ಆಮೇಲೆ ಓದಿ ತಿಳಿದುಕೊಂಡೆ. ನಾಗರಹಾವಿನ ನರವಿಷ ಮುಖ್ಯವಾಗಿ ಸಂದಿಯ ಆಚೆ ದಡದಲ್ಲಿ, ಅಸಿಟೈಲ್‌ಕೋಲಿನ್ ಬಂದು ಹಿಡಿದುಕೊಳ್ಳುವ ಸ್ನಾಯುವಿನ ಗ್ರಾಹಕಗಳ ಮೇಲೆ ಅಡ್ಡ ಕೂರುತ್ತದೆ. ಅಸಿಟೈಲ್‌ಕೋಲಿನ್ ಬೇಗ ತುಂಡಾಗದಂತೆ ತಡೆಯುವ ನಿಯೋಸ್ಟಿಗ್ಮಿನ್ ಅಲ್ಲಿ ಸಹಾಯಕ್ಕೆ ಬರುವುದುಂಟು. ಕಟ್ಟುಹಾವಿನ ಬೀಟಾ ಬಂಗಾರೋಟಾಕ್ಸಿನ್ ಈಚೆ ದಡದ್ದು. ಅದು ನರತುದಿಯ ಪೊರೆಯ ಕೊಬ್ಬನ್ನೇ ಕತ್ತರಿಸುತ್ತದೆ. ಕತ್ತರಿಸಿದ ಚೂರುಗಳಿಂದ ಚೀಲಗಳು ಬೆಸೆಯುವುದು ಸಲೀಸಾಗುತ್ತದೆ, ತಿರುಗಿ ಚಿವುಟಿಕೊಳ್ಳುವುದು ಕೆಡುತ್ತದೆ. ಚೀಲಗಳು ಹೊರಟವು, ಹಿಂದೆ ಬರಲಿಲ್ಲ. ಚೆಲ್ಲುವುದಕ್ಕೇ ಏನೂ ಇಲ್ಲದಾಗ ನಿಯೋಸ್ಟಿಗ್ಮಿನ್ ಉಳಿಸಿಕೊಡುವುದು ಯಾವುದನ್ನು? ಕೊನೆಗೆ ನರತುದಿಯೇ ಹಾಳಾಗುತ್ತದೆ, ಹೊಸದು ಬೆಳೆಯಬೇಕು. ಅಷ್ಟು ದಿನ ಯಂತ್ರ ಉಸಿರಾಡಬೇಕು. ಆಂಟಿವೆನಮ್ ಎಷ್ಟು ಬೇಗವೋ ಅಷ್ಟು ಒಳ್ಳೆಯದು ಎನ್ನುವುದು ಇದಕ್ಕೇ, ತುದಿಗೆ ತಲುಪುವ ಮೊದಲೇ ವಿಷವನ್ನು ಹಿಡಿಯಬೇಕು.

ಆರನೇ ದಿನ ರೆಪ್ಪೆ ಸ್ವಲ್ಪ ಎದ್ದಿತು. ಹತ್ತನೇ ದಿನ ಕೊಳವೆ ತೆಗೆದರು. ಈ ವಿಷ ಮಿದುಳಿನ ಸಿನಾಪ್ಸುಗಳಿಗೆ ಹೋಗಿ ಮುಟ್ಟುವುದಿಲ್ಲ, ಹಾಗಾಗಿ ಹೆಣದಂತೆ ಬಿದ್ದಿದ್ದರೂ ಮಾವನಿಗೆ ಎಲ್ಲ ಕೇಳಿಸುತ್ತಿತ್ತಂತೆ. ನಮಗದು ಗೊತ್ತಿರಲಿಲ್ಲ. ಸ್ವರ ಬಂದ ಕೂಡಲೇ ಅವರು ನನ್ನ ತಮ್ಮನನ್ನು ಹತ್ತಿರ ಕರೆದು, "ಕೆಳಗಿನ ತೋಟ ಮಾರುವ ಮಾತು ತೆಗೆದದ್ದು ನೀನೇ ಅಲ್ಲವಾ ಮಾರಾಯ?" ಎಂದು ಕೇಳಿದರು.