ಹಳ್ಳದ ದಾರಿಗೆ ಇಳಿದು ನೋಡು

ನಿನ್ನ ಪತ್ರ ಎರಡು ಸಲ ಓದಿದೆ. ನೀನು ನನ್ನನ್ನು ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೇ?

ದಾವಣಗೆರೆಯಿಂದ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ಗೆ ಬಂದು ಮೂರು ತಿಂಗಳಾಯಿತು ಅಂದಿದ್ದೀಯ. ಮನೆಯವರು ಎಂಟಕ್ಕೆ ಆಫೀಸಿಗೆ ಹೊರಟರೆ ಸಂಜೆಯವರೆಗೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಗಂಡನ ಕೆಲಸದ ವೀಸಾ ಮೇಲೆ ಸಿಗುವ ಎಚ್‌4 ವೀಸಾ, ನೀನು ಕೆಲಸಕ್ಕೆ ಹೋಗುವ ಹಾಗಿಲ್ಲ. ಕಾರು ಓಡಿಸಲು ಇನ್ನೂ ಕಲಿತಿಲ್ಲ. ‘ಒಂದು ವಾರ ನಾನು ಬಾಗಿಲು ತೆಗೆಯದಿದ್ದರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ ಅಕ್ಕ’ ಅಂತ ಬರೆದಿದ್ದೀಯಲ್ಲ, ಆ ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ಕೊನೆಗೆ, ನಾಯಿ ಸಾಕೋಣ ಅಂತ ಮನೆಯವರು ಹೇಳುತ್ತಿದ್ದಾರೆ, ಸಾಕಬಹುದಾ ಅಂತ ಕೇಳಿದ್ದೀಯ.

ನಾಯಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮನೆ ಹತ್ತಿರದ ಹಳ್ಳದ ಬಗ್ಗೆ ಹೇಳಬೇಕು. ಲಾಸ್ ಗ್ಯಾಟೋಸ್ ಕ್ರೀಕ್. ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಹುಟ್ಟಿ, ಲೆಕ್ಸಿಂಗ್ಟನ್ ಜಲಾಶಯ ದಾಟಿ, ಲಾಸ್ ಗ್ಯಾಟೋಸ್, ಕ್ಯಾಂಪ್‌ಬೆಲ್ ಊರುಗಳನ್ನು ಹಾದು, ಸ್ಯಾನ್ ಹೊಸೆ ಪೇಟೆಯಲ್ಲಿ ಗ್ವಾಡಲೂಪೆ ನದಿಗೆ ಸೇರುತ್ತದೆ. ಲಾಸ್ ಗ್ಯಾಟೋಸ್ ಅನ್ನುವ ಸ್ಪ್ಯಾನಿಷ್ ಹೆಸರಿಗೆ ಬೆಕ್ಕುಗಳು ಅಂತ ಅರ್ಥ. ಈ ಬೆಟ್ಟಗಳ ಕಾಡುಬೆಕ್ಕು, ಪ್ಯೂಮಾಗಳಿಂದ ಬಂದ ಹೆಸರು. ಹಳ್ಳದ ಪಕ್ಕದಲ್ಲೇ ಮೈಲುಗಟ್ಟಲೆ ನಡೆಯುವ ದಾರಿ ಇದೆ. ಎಲ್ಲರೂ ಟ್ರೇಲ್ ಅನ್ನುತ್ತಾರೆ. ನನಗೆ ಅದು ಹಳ್ಳದ ದಾರಿ.

ನಾನು ಬಂದಿದ್ದು 2003ರಲ್ಲಿ, ಸಾಗರದ ಹತ್ತಿರದ ಒಂದು ಹಳ್ಳಿಯಿಂದ. ಆಗ ಎಚ್‌4ನವರಿಗೆ ಕೆಲಸದ ದಾರಿಯೇ ಇರಲಿಲ್ಲ. 2015ರಲ್ಲಿ ನಿಯಮ ಬದಲಾಗಿ, ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಹಾಕುವ ಅರ್ಜಿ, ಮಂಜೂರಾದವರಿಗೆ ಕೆಲಸದ ಪರವಾನಗಿ ಸಿಗುವ ಹಾಗಾಯಿತು. ನಿಮ್ಮದು ಯಾವ ಹಂತದಲ್ಲಿದೆ, ಈಗಿನ ನಿಯಮ ಏನು ಅಂತ ವಕೀಲರ ಹತ್ತಿರ ಕೇಳಿಸು. ಮೊದಲ ವರ್ಷ ನಾನೂ ನಿನ್ನ ಹಾಗೇ ಕಿಟಕಿ ಹತ್ತಿರ ಕೂತು ಪಾರ್ಕಿಂಗ್ ಜಾಗ ನೋಡುತ್ತಿದ್ದೆ. ನಮ್ಮೂರಲ್ಲಿ ಜಗಲಿ ಮೇಲೆ ಕೂತರೆ ದಾರಿಯಲ್ಲಿ ಹೋಗುವವರು ‘ಊಟ ಆಯ್ತಾ’ ಅಂತ ಕೇಳದೆ ಮುಂದೆ ಹೋಗುವುದಿಲ್ಲ. ಇಲ್ಲಿ ಜಗಲಿಯೇ ಇಲ್ಲ. ಜನ ಕೆಟ್ಟವರಲ್ಲ. ಇನ್ನೊಬ್ಬರ ಬಾಗಿಲಲ್ಲಿ ನಿಂತು ಮಾತಾಡಿಸಿದರೆ ಅವರಿಗೆ ತೊಂದರೆ ಕೊಟ್ಟ ಹಾಗೆ ಅಂದುಕೊಳ್ಳುತ್ತಾರೆ, ಅಷ್ಟೇ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರಿದ್ದರು. ಅವರಿಗೆ ಮಂಡಿ ಆಪರೇಷನ್ ಆಯಿತು. ಒಂದು ದಿನ ಕೋಲೂರಿಕೊಂಡು ಬಂದು, ತಮ್ಮ ಲ್ಯಾಬ್ರಡಾರ್ ನಾಯಿಯನ್ನು ದಿನಾ ಬೆಳಿಗ್ಗೆ ಅರ್ಧ ಗಂಟೆ ಹಳ್ಳದ ಕಡೆ ಕರೆದುಕೊಂಡು ಹೋಗುತ್ತೀಯಾ ಅಂತ ಕೇಳಿದರು. ಊರಲ್ಲಿ ನಾಯಿಗಳ ಜೊತೆಯೇ ಬೆಳೆದವಳು ನಾನು. ಆದರೆ ಹಗ್ಗ ಹಿಡಿದು ನಡೆಸಿ ಗೊತ್ತಿರಲಿಲ್ಲ. ಹೂಂ ಅಂದೆ. ದುಡ್ಡು ಬೇಡ ಅಂದಿದ್ದಕ್ಕೆ ಹಿತ್ತಲ ಮರದ ನಿಂಬೆಹಣ್ಣು ಚೀಲಗಟ್ಟಲೆ ಕೊಟ್ಟರು. ಇಲ್ಲಿನ ಮೇಯರ್ ನಿಂಬೆ. ಸಿಪ್ಪೆ ತೆಳು, ಹುಳಿ ಕಡಿಮೆ. ಉಪ್ಪಿನಕಾಯಿಗೆ ಅಷ್ಟು ಸರಿಹೋಗುವುದಿಲ್ಲ, ಆದರೂ ಹಾಕಿದೆ.

ಮೊದಲ ದಿನವೇ ಒಂದು ಪಾಠ ಆಯಿತು. ಹಿಂದಿನಿಂದ ಯಾರೋ ‘ಆನ್ ಯುವರ್ ಲೆಫ್ಟ್’ ಅಂತ ಕೂಗಿದರು. ಎಡಕ್ಕೆ ಹೋಗು ಅಂತಿದ್ದಾರೆ ಅಂದುಕೊಂಡು ಎಡಕ್ಕೇ ಹಾರಿದೆ. ಸೈಕಲ್ ಮೈಮೇಲೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ‘ನಿನ್ನ ಎಡಗಡೆಯಿಂದ ನಾನು ಮುಂದೆ ಹೋಗುತ್ತಿದ್ದೇನೆ, ನೀನು ಬಲಕ್ಕೇ ಇರು’ ಅಂತ ಅದರ ಅರ್ಥ. ನೀನು ಬಲಗಡೆಗೇ ನಡೆ. ಆ ಕೂಗು ಕೇಳಿದರೆ ಹಗ್ಗವನ್ನು ಗಿಡ್ಡ ಮಾಡಿ ನಾಯಿಯನ್ನು ಕಾಲ ಹತ್ತಿರ ಎಳೆದುಕೋ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ನಾಯಿ ಜೊತೆ ನಡೆಯುವುದು ಬೇರೆಯೇ ನಡಿಗೆ, ಮಾರಾಯ್ತಿ. ನಾನು ಬಿರಬಿರನೆ ಹೋಗುವವಳು. ಆ ಮುದಿ ನಾಯಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಸಿಕಮೋರ್ ಮರದ ಬುಡಕ್ಕೆ ಮೂಗಿಟ್ಟರೆ ಒಂದು ನಿಮಿಷ ಅಲ್ಲಾಡುತ್ತಿರಲಿಲ್ಲ. ಅದು ನಿಂತಾಗ ನಾನೂ ನಿಲ್ಲಬೇಕು. ನಿಂತವಳಿಗೆ ಮರ ಕಂಡಿತು. ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ ಒಳಗಿನ ಬಿಳಿ ಮೈ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಓಕ್ ಮರದ ಎಲೆ ಅಂಗೈಯಲ್ಲಿ ಹಿಡಿದರೆ ಅಂಚಿನಲ್ಲಿ ಸಣ್ಣ ಮುಳ್ಳು. ನೀರಿನ ಹತ್ತಿರ ವಿಲ್ಲೋ ಬಾಗಿ ನಿಂತಿತ್ತು. ಹ್ಯಾಮಿಲ್ಟನ್ ಅವೆನ್ಯೂ ಸೇತುವೆ ಕೆಳಗೆ ಹೋದರೆ ಬೇಸಿಗೆಯ ನಡುಮಧ್ಯಾಹ್ನವೂ ತಣ್ಣಗೆ, ಹಸಿಮಣ್ಣಿನ ವಾಸನೆ. ಹೆದ್ದಾರಿ 17ರ ಸದ್ದು ಉದ್ದಕ್ಕೂ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ತಿಂಗಳಾದ ಮೇಲೆ ಅದು ಕಿವಿಗೆ ಬೀಳುವುದು ನಿಂತಿತು.

ಮತ್ತೆ ಜನ. ಮನೆ ಮುಂದೆ ತಲೆ ಎತ್ತದವರು ಹಳ್ಳದ ದಾರಿಯಲ್ಲಿ ನಾಯಿ ನೋಡಿದರೆ ನಿಲ್ಲುತ್ತಾರೆ. ಎಷ್ಟು ವರ್ಷ, ಹೆಸರೇನು, ಮುಟ್ಟಬಹುದಾ ಅಂತ ಕೇಳುತ್ತಾರೆ. ಮೊದಮೊದಲು ನನ್ನ ಇಂಗ್ಲಿಷ್ ತಡವರಿಸುತ್ತಿತ್ತು. ಆದರೆ ನಾಯಿ ಬಗ್ಗೆ ಮಾತಾಡಲು ಎಷ್ಟು ಇಂಗ್ಲಿಷ್ ಬೇಕು ಹೇಳು? ದಿನಾ ಅದೇ ಹೊತ್ತು, ಅದೇ ಜನ. ಅಜ್ಜಿಯ ಮಂಡಿ ಗುಣವಾದ ಮೇಲೂ ನಾನು ಬಿಡಲಿಲ್ಲ.

2006ರ ಮಳೆಗಾಲದಲ್ಲಿ ಊರಲ್ಲಿ ಅಪ್ಪ ಹೋದರು. ವೀಸಾ ಕಾಗದ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು, ಹೋಗಲು ಆಗಲಿಲ್ಲ. ಫೋನಿನಲ್ಲೇ ಎಲ್ಲ ಕೇಳಿಸಿಕೊಂಡೆ. ಹಿಂದೆ ಮಳೆ ಸುರಿಯುವ ಸದ್ದು, ಅಮ್ಮನ ಅಳು. ನಾಲ್ಕು ದಿನ ಮನೆಯಿಂದ ಹೊರಗೆ ಬರಲಿಲ್ಲ. ಐದನೇ ದಿನ ಅಜ್ಜಿಯ ನಾಯಿ ಹಿಡಿದು ಹೋದೆ. ಎರಡು ಕುಳ್ಳ ನಾಯಿಗಳ ಜೊತೆ ಬರುವ ಒಬ್ಬ ಹಿರಿಯರಿದ್ದರು, ಜೇಬಿನಲ್ಲಿ ಯಾವಾಗಲೂ ಬಿಸ್ಕತ್ತು. ದೂರದಿಂದಲೇ ಕೈ ಎತ್ತಿದರು. ಹತ್ತಿರ ಬಂದು, ‘ನಾಲ್ಕು ದಿನದಿಂದ ನೀನು ಕಾಣಲಿಲ್ಲ, ಏನಾಯಿತು’ ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಅವರು ಜಾಸ್ತಿ ಏನೂ ಹೇಳಲಿಲ್ಲ. ಬಂದ ದಾರಿಯಲ್ಲೇ ತಿರುಗಿ ನನ್ನ ಜೊತೆ ಸೇತುವೆಯವರೆಗೆ ನಡೆದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ನಾಯಿಗಳ ಹೆಸರು ಮಾತ್ರ ಗೊತ್ತು. ಆದರೆ ಅವರು ದಿನ ಎಣಿಸಿದ್ದರು. ನಿನ್ನ ಪತ್ರದ ಆ ಸಾಲು ಓದಿದಾಗ ಮೊದಲು ನೆನಪಾಗಿದ್ದು ಅವರೇ.

ಈಗ ನಮ್ಮದೇ ನಾಯಿ ಇದೆ. ಅನಾಥ ನಾಯಿಗಳನ್ನು ಇಡುವ ಶೆಲ್ಟರಿನಿಂದ ತಂದಿದ್ದು, ಯಾವ ತಳಿ ಅಂತ ಹೇಳಲಾಗದು. ಮೈಬಣ್ಣ ಹುರಿದ ರಾಗಿಯ ಹಾಗೆ, ಅದಕ್ಕೇ ರಾಗಿ ಅಂತ ಹೆಸರು. ಅವಳಿಗೆ ಇಷ್ಟವಾದ ಜಾಗ ದಕ್ಷಿಣಕ್ಕಿರುವ ಇಂಗುಕೆರೆಗಳು. ಅಲ್ಲಿ ನೆರಳು ಕಡಿಮೆ, ಬೆಳಿಗ್ಗೆ ಬೇಗ ಹೋಗಬೇಕು. ನೋಡಿದರೆ ಸುಮ್ನೆ ಬಾತುಕೋಳಿ, ಬೆಳ್ಳಕ್ಕಿ ಇರುವ ಕೆರೆಗಳು. ಆದರೆ ನೀರನ್ನು ಭೂಮಿಗೆ ಇಂಗಿಸಲೆಂದೇ ಮಾಡಿದವು. ಹಣ್ಣಿನ ತೋಟಗಳಿಗೂ ಊರಿಗೂ ಬಾವಿ ನೀರು ಎತ್ತಿ ಎತ್ತಿ, 1900ರ ಆಸುಪಾಸಿನಿಂದ 1960ರ ದಶಕದ ಕೊನೆಯ ಹೊತ್ತಿಗೆ ಸ್ಯಾನ್ ಹೊಸೆ ಪೇಟೆಯ ನೆಲವೇ ಸುಮಾರು 13 ಅಡಿ ಕುಸಿದಿತ್ತು. ಹೊರಗಿನಿಂದ ನೀರು ತಂದು, ಹೀಗೆ ಇಂಗಿಸಿ, ಕುಸಿತವನ್ನು ತಡೆದರು. ಬೋರ್‌ವೆಲ್ ಬತ್ತುವುದನ್ನು ನೋಡಿದವರು ನಾವು, ಅಲ್ವಾ? ನನಗೆ ಈ ಊರಿನ ಮೇಲೆ ಗೌರವ ಬಂದಿದ್ದು ಆ ಕೆರೆ ಏರಿ ಮೇಲೆ ನಡೆಯುತ್ತಾ. ಅಲ್ಲೇ ಪಾರ್ಕಿನಲ್ಲಿ ಬೇಲಿ ಹಾಕಿದ ಜಾಗವೂ ಇದೆ, ಒಳಗೆ ನಾಯಿಯ ಹಗ್ಗ ಬಿಚ್ಚಬಹುದು. ಬೇರೆ ಕಡೆ ಬಿಚ್ಚಬೇಡ.

ಇಲ್ಲಿ ಕಾಲ ತಿರುವುಮುರುವು, ಅದು ನೆನಪಿರಲಿ. ಮಳೆ ಚಳಿಗಾಲದಲ್ಲಿ. ಜೋರು ಮಳೆಯಾದರೆ ಸೇತುವೆ ಕೆಳಗಿನ ದಾರಿಗೆ ನೀರು ನುಗ್ಗುತ್ತದೆ, ಆಗ ಇಳಿಯಬೇಡ. ಬೇಸಿಗೆಯಲ್ಲಿ ಒಂದು ಹನಿ ಬೀಳುವುದಿಲ್ಲ. ಹುಲ್ಲೆಲ್ಲ ಒಣಗಿ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ನೋಡಲು ಚೆಂದ, ಆದರೆ ಫಾಕ್ಸ್‌ಟೇಲ್ ಅಂತ ಒಂದು ಹುಲ್ಲಿನ ತೆನೆ ಇದೆ, ಅದಕ್ಕೆ ಹೆದರಲೇಬೇಕು. ನಮ್ಮ ಉತ್ತರಾಣಿ ಸೀರೆಗೆ ಅಂಟುವ ಹಾಗೆ ಕೂದಲಿಗೆ ಅಂಟುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ಮುಳ್ಳು ಒಂದೇ ದಿಕ್ಕಿಗೆ ಇರುವುದರಿಂದ ಮುಂದೆ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಒಂದು ಜೂನ್‌ನಲ್ಲಿ ರಾಗಿ ಬಲಗಾಲು ನೆಕ್ಕುತ್ತಲೇ ಇದ್ದಳು. ಮುಳ್ಳು ಚುಚ್ಚಿರಬೇಕು ಅಂತ ಅರಿಶಿನ ಹಚ್ಚಿ ಸುಮ್ಮನಾದೆ. ಮೂರನೇ ದಿನ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ಕೀವಾಯಿತು. ವೆಟ್, ಅಂದರೆ ಪಶುವೈದ್ಯರು, ಕೊಯ್ದು ಆ ಹುಲ್ಲಿನ ಮುಳ್ಳನ್ನು ತೆಗೆದು ಬಟ್ಟಲಲ್ಲಿಟ್ಟು ತೋರಿಸಿದರು. ಜೀರಿಗೆಗಿಂತ ಸ್ವಲ್ಪ ಉದ್ದ, ಅಷ್ಟೇ. ತಡಮಾಡಿದ್ದು ನನ್ನ ತಪ್ಪು. ಆವತ್ತಿನಿಂದ ಮನೆಗೆ ಬಂದ ಕೂಡಲೇ ಮೆಟ್ಟಿಲ ಮೇಲೆ ಕೂರಿಸಿ ನಾಲ್ಕೂ ಪಾದದ ಸಂದಿ, ಕಿವಿ, ಕಂಕುಳು ಬೆರಳಾಡಿಸಿ ನೋಡುತ್ತೇನೆ. ಉಣ್ಣೆ ಇದ್ದರೂ ಆಗಲೇ ಸಿಗುತ್ತದೆ.

ಇನ್ನೊಂದು ಪಾಯ್ಸನ್ ಓಕ್, ತಾಗಿದರೆ ತುರಿಕೆ ಬರುವ ಗಿಡ. ಮೂರು ಮೂರು ಎಲೆಯ ಗೊಂಚಲು, ಕೆಲವೊಮ್ಮೆ ಎಣ್ಣೆ ಸವರಿದ ಹಾಗೆ ಹೊಳಪು, ಬೇಸಿಗೆ ಕೊನೆಗೆ ಕೆಂಪು. ಮಲೆನಾಡಿನಲ್ಲಿ ಚೇರು ಮರದ ಸೊನೆ ತಾಗಿದರೆ ಮೈ ಊದಿಕೊಳ್ಳುತ್ತದಲ್ಲ, ಅದರ ಬಳಗದ್ದೇ ಇದು. ಗೇರು, ಮಾವು ಕೂಡ ಇದೇ ಕುಟುಂಬದವು. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದರ ಕೂದಲಿಗೆ ಅಂಟಿದ ಎಣ್ಣೆ ನಿನ್ನ ಕೈಗೆ ಬಂದು ತುರಿಕೆ ಶುರು. ದಾರಿ ಬಿಟ್ಟು ಪೊದೆಗೆ ಇಳಿಯಲು ಬಿಡಬೇಡ.

ಈಗ ನಿನ್ನ ಪ್ರಶ್ನೆ. ಸಾಕು, ಆದರೆ ಈಗಲೇ ಬೇಡ. ನಿಮ್ಮ ಬಾಡಿಗೆ ಕರಾರಿನಲ್ಲಿ ನಾಯಿಗೆ ಅವಕಾಶ ಇದೆಯಾ ನೋಡು. ಎಷ್ಟೋ ಕಡೆ ಬೇರೆ ಡಿಪಾಸಿಟ್, ತಿಂಗಳ ಬಾಡಿಗೆಯೂ ಕೇಳುತ್ತಾರೆ. ರೇಬಿಸ್ ಲಸಿಕೆ, ಊರಿನ ಲೈಸೆನ್ಸ್ ಕಡ್ಡಾಯ. ವೆಟ್ ಖರ್ಚು ನಿನ್ನ ಅಂದಾಜಿಗಿಂತ ಜಾಸ್ತಿಯೇ ಆಗುತ್ತದೆ. ಊರಿಗೆ ಹೋದಾಗ ಬಿಟ್ಟುಹೋಗಲು ಜಾಗ ಬೇಕು. ಉಳಿದ ಸಾರು ಅನ್ನ ಹಾಕುವ ಹಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಕೇಸರಿಬಾತಿನ ಒಣದ್ರಾಕ್ಷಿಯೂ ಸೇರಿ. ಅತ್ತೆ ಬಂದಾಗ ಮಡಿ ವಿಷಯ ಬರುತ್ತದೆ. ನಾವು ಅಡುಗೆಮನೆ ಬಾಗಿಲಿಗೆ ಮಕ್ಕಳ ಗೇಟ್ ಹಾಕಿದೆವು, ಅಲ್ಲಿಗೆ ಮುಗಿಯಿತು.

ಶೆಲ್ಟರ್‌ಗಳಲ್ಲಿ ಫಾಸ್ಟರ್ ಅಂತ ಒಂದು ವ್ಯವಸ್ಥೆ ಇದೆ. ಕೆಲವು ವಾರ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು. ಅದರಿಂದ ಶುರುಮಾಡು. ಒಬ್ಬಳೇ ಬೇಜಾರು ಅನ್ನುವ ಒಂದೇ ಕಾರಣಕ್ಕೆ ಒಂದು ಜೀವ ತರಬೇಡ ಅಂತ ನನ್ನ ಅಭಿಪ್ರಾಯ. ಅದಕ್ಕೆ ಹನ್ನೆರಡು ಹದಿಮೂರು ವರ್ಷ ನೀನೇ ಪ್ರಪಂಚ.

ಅಲ್ಲಿಯವರೆಗೆ ರಾಗಿ ಇದ್ದಾಳೆ. ಶನಿವಾರ ಬೆಳಿಗ್ಗೆ ಏಳಕ್ಕೆ ಕ್ಯಾಂಪ್‌ಬೆಲ್ ಪಾರ್ಕಿಗೆ ಬಾ, ನಿಮ್ಮ ಮನೆಯಿಂದ ನಡೆದೇ ಬರಬಹುದು. ಚಪ್ಪಲಿ ಬೇಡ, ಶೂ ಹಾಕಿಕೋ. ಹಗ್ಗ ನಿನ್ನ ಕೈಗೇ ಕೊಡುತ್ತೇನೆ. ಅವಳು ಅಳಿಲು ಕಂಡರೆ ಎಳೆಯುತ್ತಾಳೆ, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡ, ಮುಷ್ಟಿಯಲ್ಲಿ ಹಿಡಿದರೆ ಸಾಕು. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ. ಸಕ್ಕರೆ ಎಷ್ಟು ಅಂತ ತಿಳಿಸು.