ಸೂಪರ್‌ಸಿಮ್ಮೆಟ್ರಿ ಮುರಿಯಲು ಮರೆಯ ವಲಯವೇ ಏಕೆ ಬೇಕು?

ಪ್ರತಿಯೊಂದು ಬಗೆಯ ಕಣಕ್ಕೂ ಸ್ಪಿನ್ (ಕಣದ ಸಹಜ ಭ್ರಮಣ) ಅರ್ಧದಷ್ಟು ಬೇರೆಯಾದ ಜೊತೆಗಾರ ಕಣವಿದೆ ಎನ್ನುವ ಕಲ್ಪನೆಯೇ ಸೂಪರ್‌ಸಿಮ್ಮೆಟ್ರಿ. ಈ ಸಮಮಿತಿ ಮುರಿದಿರಲೇಬೇಕು ಎಂದಾದರೆ, ನಮಗೆ ಪರಿಚಿತವಾದ ಕಣಗಳ ನಡುವೆಯೇ ಅದು ಮುರಿಯಿತೆನ್ನದೆ ‘ಮರೆಯ ವಲಯ’ವೊಂದನ್ನು, ಅಂದರೆ ನಮ್ಮ ಕಣಗಳೊಡನೆ ನೇರ ಸಂಪರ್ಕವಿಲ್ಲದ ಕಣಗಳ ಗುಂಪೊಂದನ್ನು, ಏಕೆ ಕಲ್ಪಿಸಿಕೊಳ್ಳುತ್ತಾರೆ ಎಂದು ಮಂಡ್ಯದಿಂದ ಕೇಳಿದ್ದೀರಿ. ಮೈಸೂರಿನಲ್ಲಿ ಎಂ.ಎಸ್ಸಿ. ತರಗತಿಗಳಿಗೆ ಕಣಭೌತವಿಜ್ಞಾನ ಕಲಿಸುವ ನನ್ನ ಅನುಭವದಲ್ಲಿ, ಪಠ್ಯಗಳು ಅವಸರದಿಂದ ದಾಟಿಬಿಡುವ ಪ್ರಶ್ನೆಯಿದು.

ಮುರಿದಿದೆ ಎಂಬುದರಲ್ಲಿ ಗೊಂದಲವಿಲ್ಲ. ಈ ಸಮಮಿತಿ ಪೂರ್ಣವಾಗಿದ್ದಿದ್ದರೆ, ಎಲೆಕ್ಟ್ರಾನಿಗೆ ಅದರಷ್ಟೇ, ಅಂದರೆ 0.511 ಎಂಇವಿ (ಕಣಗಳ ದ್ರವ್ಯರಾಶಿಯನ್ನು ಅಳೆಯುವ ಏಕಮಾನ) ದ್ರವ್ಯರಾಶಿಯ, ಸ್ಪಿನ್ ಇಲ್ಲದ ಜೊತೆಗಾರ ಕಣವಿರಬೇಕಿತ್ತು. ಅದು ಯಾವ ಪ್ರಯೋಗದಲ್ಲೂ ಕಂಡಿಲ್ಲ.

ತೊಡಕಿರುವುದು ಮುರಿಯುವ ಬಗೆಯಲ್ಲಿ. ಸಮೀಕರಣಗಳಲ್ಲಿ ಸಮಮಿತಿ ಉಳಿದು, ನಿರ್ವಾತ ಸ್ಥಿತಿಯಲ್ಲಿ ಮಾತ್ರ ಅಳಿಯುವುದನ್ನು ಸ್ವಯಂಭಂಗ ಎನ್ನೋಣ. ಗುರುತ್ವವನ್ನು ಬದಿಗಿಟ್ಟು ನೋಡಿದರೆ, ಸೂಪರ್‌ಸಿಮ್ಮೆಟ್ರಿಯುಳ್ಳ ಸಿದ್ಧಾಂತದಲ್ಲಿ ನಿರ್ವಾತದ ಶಕ್ತಿ ಸೊನ್ನೆಗಿಂತ ಕೆಳಗಿಳಿಯಲಾರದು. ಸೊನ್ನೆಯಾಗಿದ್ದರೆ ಸಮಮಿತಿ ಉಳಿದಿದೆ, ಅದಕ್ಕಿಂತ ಹೆಚ್ಚಿದ್ದರೆ ಮುರಿದಿದೆ. 1974ರಲ್ಲಿ ಫೇಯೆ ಮತ್ತು ಇಲಿಯೋಪೌಲೋಸ್, 1975ರಲ್ಲಿ ಓ’ರಾಫರ್ಟಿ ಅಂಥ ಮಾದರಿಗಳನ್ನು ಕಟ್ಟಿ ತೋರಿಸಿದರು.

ಆದರೆ 1979ರಲ್ಲಿ ಫೆರಾರಾ, ಜಿರಾರ್ಡೆಲ್ಲೊ ಮತ್ತು ಪಲುಂಬೊ ಕಂಡುಕೊಂಡ ನಿಯಮವೊಂದು ಅಡ್ಡ ಬಂತು. ಕ್ವಾಂಟಂ ತಿದ್ದುಪಡಿಗಳನ್ನು ಸೇರಿಸದ ಲೆಕ್ಕದಲ್ಲಿ, ಸಮಮಿತಿ ಮುರಿದ ಮೇಲೂ, ಸ್ಪಿನ್ ಸ್ಥಿತಿಗಳನ್ನೆಲ್ಲ ಎಣಿಸಿ ಕೂಡಿದ ಬೋಸಾನುಗಳ (ಪೂರ್ಣಾಂಕ ಸ್ಪಿನ್ನಿನ ಕಣಗಳ) ದ್ರವ್ಯರಾಶಿಗಳ ವರ್ಗಗಳ (ಸ್ಕ್ವೇರ್) ಮೊತ್ತ, ಫರ್ಮಿಯಾನುಗಳ (ಎಲೆಕ್ಟ್ರಾನಿನಂಥ ಅರ್ಧ ಸ್ಪಿನ್ನಿನ ಕಣಗಳ) ಅಂಥದ್ದೇ ಮೊತ್ತಕ್ಕೆ ಸಮವಾಗಿಯೇ ಉಳಿಯುತ್ತದೆ. ಹೀಗಾಗಿ ಕ್ವಾರ್ಕ್‌ನ ಇಬ್ಬರು ಜೊತೆಗಾರರಲ್ಲಿ ಒಬ್ಬ ಭಾರವಾದರೆ ಇನ್ನೊಬ್ಬ ಹಗುರವಾಗಲೇಬೇಕು. ಅಷ್ಟು ಹಗುರ ಕಣವಿದ್ದಿದ್ದರೆ ಅದು ಎಂದೋ ಸಿಕ್ಕಿರುತ್ತಿತ್ತು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ, ಉಳಿದದ್ದೆಲ್ಲ ಇದರ ಪರಿಣಾಮ.

ಆದ್ದರಿಂದ ಭಂಗ ಬೇರೆಡೆ ನಡೆದು, ಅದರ ಪ್ರಭಾವ ಮಾತ್ರ ಪರೋಕ್ಷವಾಗಿ ನಮ್ಮ ಕಣಗಳನ್ನು ತಲುಪಬೇಕು. ಕೊಡಗಿನಲ್ಲಿ ಸುರಿದ ಮಳೆ ಕನ್ನಂಬಾಡಿಗೆ ಬಂದು, ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ನಿಮ್ಮೂರಿನ ಕಬ್ಬಿನ ಗದ್ದೆಯನ್ನು ತಲುಪುವಂತೆ. ಇಲ್ಲಿ ನಾಲೆಯಾಗಬಲ್ಲದ್ದು ಗುರುತ್ವ, ಇಲ್ಲವೇ ವಿದ್ಯುತ್ಕಾಂತ ಬಲವೂ ಸೇರಿದ ಗೇಜ್ ಬಲಗಳು. ಎರಡನೆಯ ದಾರಿಯಲ್ಲಿ ದ್ರವ್ಯರಾಶಿಗಳು ಕ್ವಾಂಟಂ ತಿದ್ದುಪಡಿಗಳಿಂದಲೇ ಹುಟ್ಟುವುದರಿಂದ ಮೇಲಿನ ನಿಯಮ ಅವುಗಳನ್ನು ಕಟ್ಟಿಹಾಕುವುದಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವುದೂ ಈ ಎರಡನೆಯದೇ. ಗೇಜ್ ಬಲಗಳು ಎಲೆಕ್ಟ್ರಾನಿನ ಜೊತೆಗಾರನಿಗೂ, ಅದರ ಭಾರವಾದ ಸೋದರನಂತಿರುವ ಮ್ಯುಯಾನಿನ ಜೊತೆಗಾರನಿಗೂ ಭೇದವೆಣಿಸುವುದಿಲ್ಲವಾದ್ದರಿಂದ, ಮ್ಯುಯಾನ್ ಒಂದು ಫೋಟಾನನ್ನು ಹೊರಸೂಸಿ ಎಲೆಕ್ಟ್ರಾನ್ ಆಗುವಂತಹ, ಈವರೆಗೆ ಕಂಡಿಲ್ಲದ ಕ್ಷಯಗಳು ತಾವಾಗಿಯೇ ವಿರಳವಾಗುತ್ತವೆ. ಗುರುತ್ವದ ದಾರಿಯಲ್ಲಿ ಆ ಭರವಸೆಯಿಲ್ಲ. ಅದನ್ನು ಹೊರಗಿನಿಂದ ತಂದು ಸೇರಿಸಬೇಕಾಗುತ್ತದೆ. ಆದರೆ ಗೇಜ್ ದಾರಿಯ ಸರಳ ಮಾದರಿಗಳಲ್ಲಿ, 2012ರಲ್ಲಿ ಸಿಕ್ಕ ಹಿಗ್ಸ್ ಕಣದ 125 ಜಿಇವಿ (ಒಂದು ಜಿಇವಿ ಎಂದರೆ ಸಾವಿರ ಎಂಇವಿ) ದ್ರವ್ಯರಾಶಿಯನ್ನು ಪಡೆಯಲು ಜೊತೆಗಾರ ಕಣಗಳನ್ನು ಬಹಳ ಭಾರವಾಗಿಸಬೇಕಾಗುತ್ತದೆ ಎಂಬುದನ್ನೂ ಹೇಳಬೇಕು.